ಮೀನಪೆಟ್ಟಿಗೆಯಲ್ಲಿ ಹರಿವೆ

ಬೈತಖೋಲದ ಬಂದರಿನಿಂದ ಎರಡು ಪೆಟ್ಟಿಗೆ ತಂದೆ,
ಬಂಗಡೆಯ ಐಸು ಕರಗಿಹೋದ ಬಿಳಿ ಥರ್ಮೊಕೋಲು.
ಒಂದರ ಮೂಲೆ ಮುರಿದಿತ್ತು.
"ಹಾಗೇ ಒಯ್ಯಿರಿ" ಅಂದ ಹುಡುಗ.
"ಮೀನಿಗಲ್ಲ ಅಂದ್ರೆ ಮತ್ತೆಂತಕ್ಕೆ?"
ಹೇಳಲು ನಾಚಿಕೆಯಾಯಿತು,
ನಲವತ್ತೊಂದಕ್ಕೆ ಮೊದಲ ಸಲ ಸೊಪ್ಪು ಬೆಳೆಯಲು ಹೊರಟವಳಿಗೆ.

ನಾನು ಜಿಲ್ಲಾಸ್ಪತ್ರೆಯ ಲ್ಯಾಬಿನವಳು, ಊರು ಗದಗದ ಕಡೆ.
ಬೆಳಗಿನಿಂದ ಕಂಡವರ ರಕ್ತ ಎಣಿಸಿ
ಹಿಮೋಗ್ಲೋಬಿನ್ ಎಂಟು, ಏಳೂವರೆ ಎಂದು ಬರೆದು
ಚೀಟಿ ಕೊಡುವಾಗ ಬಾಯಿಪಾಠದ ಹಾಗೆ ಅನ್ನುತ್ತೇನೆ:
ಸೊಪ್ಪು ತಿನ್ನಿ, ದಿನಾ ಸೊಪ್ಪು ತಿನ್ನಿ.

ಕೋಡಿಬಾಗದ ಬಾಡಿಗೆಮನೆಯ ಹಿತ್ತಿಲೆಂದರೆ ಮರಳು.
ತಂಬಿಗೆ ನೀರು ಸುರಿದರೆ ನೆಂಟರಿಗೆ ಸಾಲ ಕೊಟ್ಟ ಹಾಗೆ,
ಎಲ್ಲಿ ಹೋಯಿತೆಂದು ಕೇಳುವಂತಿಲ್ಲ.
ಬಾವಿ ಸದ್ಯಕ್ಕೆ ಸಿಹಿ;
ಶಿವರಾತ್ರಿ ದಾಟಿದರೆ ಉಪ್ಪು ಏರುತ್ತದಂತೆ.
ಅದಕ್ಕೇ ಪೆಟ್ಟಿಗೆ, ಅದಕ್ಕೇ ದಸರೆ ಮುಗಿದ ವಾರವೇ ಅವಸರ.

ರವಿವಾರದ ಸಂತೆಯಲ್ಲಿ ಹೊನ್ನಿ ಗೌಡ ಕೂತಿದ್ದಳು,
ಕೊರಳ ತುಂಬ ಮಣಿಸರ, ಮುಂದೆ ಮೊಗೆಕಾಯಿ, ಹಾಲುಬೆಂಡೆ.
ಕೆಂಪು ಹರಿವೆಯ ಬೀಜ ಒಂದು ಚಿಟಿಕೆ
ಎಲೆಯಲ್ಲಿ ಕಟ್ಟಿದಳು, ಕಾಸು ಬೇಡ ಅಂದಳು.
ಸಾಸಿವೆಗಿಂತ ಸಣ್ಣ, ಕರ್ರಗೆ ಮಿರುಗುವ ಕಾಳು.
"ಆಳ ಹುಗಿಯೂಕಾಗ. ಮೇಲಿಂದ ಉದುರ್ಸು, ಸಾಕು.
ನೀರು ಹೊಯ್ಯೂಕಾಗ, ಚಿಮುಕ್ಸು.
ಮತ್ತೆ ದಿನಾ ಕೆದರಿ ನೋಡೂಕಾಗ ತಂಗಿ,
ಬರೂದು ಬತ್ತದೆ."

ಕಾಯಿಸಿದ ಸೂಜಿಯಿಂದ ಅಡಿಗೆ ಆರಾರು ತೂತು.
ಕೆಮ್ಮಣ್ಣು ಎರಡು ಪಾಲು, ಸಗಣಿಗೊಬ್ಬರ ಒಂದು,
ಹಿತ್ತಿಲ ಮರಳು ಒಂದು.
ಬೀಕರಿನಲ್ಲಿ ಅಳೆದೆ, ಸುಳ್ಳೇಕೆ ಹೇಳಲಿ.
ಮೂರನೆಯ ದಿನ ಕೆದರಿಯೂ ನೋಡಿದೆ.
ಬೀಜವೇ ಇರಲಿಲ್ಲ.
ಗೋಡೆಯ ಬಿರುಕಿನತ್ತ ಸಾಲಾಗಿ ಇರುವೆ,
ಒಂದೊಂದರ ಬಾಯಲ್ಲೂ ನನ್ನ ಒಂದೊಂದು ಗಿಡ.
ಇನ್ನೊಂದು ಪೆಟ್ಟಿಗೆಯ ಮೀನುವಾಸನೆಗೆ ಬೆಕ್ಕು ಬಂದು
ಹೊಸ ಮಣ್ಣು ಕಂಡು
ತನಗೆ ಬೇಕಾದ್ದು ಮಾಡಿಹೋಗಿತ್ತು.

"ಕಿತೇ ಗೋ?" ಎಂದಳು ಪಕ್ಕದ ಚಂದ್ರಾವತಿ ತಾಂಡೇಲ,
ಗೋಡೆಯ ಮೇಲೆ ಗದ್ದವಿಟ್ಟು ನಕ್ಕು ನಕ್ಕು.
ಅಕ್ಕಿತರಿ ಕೊಟ್ಟಳು, ಬೀಜದ ಜೊತೆ ಚೆಲ್ಲಲು:
ಇರುವೆಗೂ ಊಟ ಬೇಕಲ್ಲ, ಅದು ತರಿ ಹೊತ್ತುಕೊಂಡು ಹೋಗಲಿ.
ಹಳೆಯ ಬಲೆಯ ತುಂಡು ಕೊಟ್ಟಳು, ಬೆಕ್ಕಿಗೆ.
ಗೇಣುದ್ದದ ಬಸಳೆದಂಟು ತಾನೇ ಮುರಿದು ತಂದು ನೆಟ್ಟು
ಬುಡಕ್ಕೆ ಮೀನು ತೊಳೆದ ನೀರು ಸುರಿದೇಬಿಟ್ಟಳು.

ನಮ್ಮದು ಮೀನು ಹೊಸ್ತಿಲು ದಾಟದ ಮನೆತನ.
ಅವ್ವನಿಗೆ ಫೋನಿನಲ್ಲಿ ಬಸಳೆಯ ಸುದ್ದಿ ಹೇಳಿದೆ,
ನೀರಿನ ಸುದ್ದಿ ಹೇಳಲಿಲ್ಲ.

ಐದನೆಯ ಬೆಳಗು, ಬಲೆಯ ಕಣ್ಣುಗಳ ಕೆಳಗೆ
ಕೆಂಪು ದಾರದ ತುದಿಗಳು.
ಕೀಳಲಾರದೆ ಒತ್ತಾಗಿ ಬಿಟ್ಟೆ, ಅರ್ಧ ಸೊರಗಿದವು;
ಹೊನ್ನಿ ಬೈದಳು, ತೆಗೀದೆ ಬೆಳೆಯೂದಿಲ್ಲ ಅಂದಳು.
ಇಪ್ಪತ್ತೆಂಟನೆಯ ದಿನ ಮುರಿದೆ.
ಎರಡು ಮುಷ್ಟಿ. ಬಾಣಲೆಯಲ್ಲಿ ಬಾಡಿ
ಒಂದು ಸೌಟು.
ಅನ್ನ ಕೆಂಪಾಯಿತು, ಬೆರಳೂ ಕೆಂಪಾಯಿತು.
ಕೆಲಸದ ಮೇಜು ನೆನಪಾಗದೆ ಉಂಡ ಮೊದಲ ಕೆಂಪು ಅದು.

ಬಸಳೆ ಮಾತ್ರ ಹುಚ್ಚೆದ್ದು ಗೋಡೆ ಹತ್ತಿ
ಆಚೆಗೂ ಇಳಿದಿದೆ.
ಆಚೆಯದು ಸಿಗಡಿಯ ಜೊತೆ ಬೇಯುತ್ತದೆ,
ಈಚೆಯದು ಬೇಳೆಯ ಜೊತೆ.
ಬೇರು ಒಂದೇ. ಅದಕ್ಕೇನೂ ಬೇಜಾರಿದ್ದಂತಿಲ್ಲ.

ನಿನ್ನೆ ಮಾಜಾಳಿಯಿಂದ ಬಂದವಳು, ತುಂಬು ಬಸುರಿ,
ಏಳೂವರೆಯ ಚೀಟಿ ಹಿಡಿದು ಕೇಳಿದಳು:
"ದಿನಾ ಸೊಪ್ಪು ಅಂದ್ರೆ, ದಿನಾ ಎಲ್ಲಿಂದ ತರೂದು?"
ಚೀಟಿಯ ಹಿಂಬದಿಗೆ ಬರೆದೆ:
ಒಂದು ಪೆಟ್ಟಿಗೆ, ಆರು ತೂತು, ಮೇಲಿಂದ ಉದುರಿಸಿ.
ಹತ್ತಿಯ ತುಂಡಿನಲ್ಲಿ ಸುತ್ತಿ ಒಂದು ಚಿಟಿಕೆ ಕೊಟ್ಟೆ.

ಅವಳ ಬಸ್ಸು ಹೊರಟ ಮೇಲೆ ನೆನಪಾಯಿತು,
ಇರುವೆಯ ವಿಷಯ ಹೇಳಲೇ ಇಲ್ಲ.